ತೆಂಗಿನ ಬುಡದ ನೆಲನೆಲ್ಲಿ: ನಂಬಿಕೆ ಎಷ್ಟು, ನಿಜ ಎಷ್ಟು?

ಮುಂಗಾರಿನ ಎರಡು ಹದ ಮಳೆ ಬಿದ್ದರೆ ಸಾಕು, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗಿನ ತೋಟಗಳಲ್ಲಿ ಯಾರೂ ಬಿತ್ತದ ಗಿಡವೊಂದು ತಾನಾಗಿ ಏಳುತ್ತದೆ. ಪಾತಿಯ ಅಂಚು, ಹೊಲದ ಬದು, ತಿಪ್ಪೆಯ ಪಕ್ಕ, ಹನಿ ನೀರಾವರಿ ಪೈಪು ಸೋರುವ ಜಾಗ, ಎಲ್ಲಿ ಸ್ವಲ್ಪ ತೇವವಿದೆಯೋ ಅಲ್ಲೆಲ್ಲ ನೆಲನೆಲ್ಲಿ. ಗೇಣಿನಿಂದ ಮೊಳದವರೆಗೆ ಎತ್ತರ, ಹುಣಸೆಯ ಎಲೆಯಂಥ ಸಣ್ಣ ಎಲೆಗಳು, ಕಡ್ಡಿಯ ಅಡಿಯಲ್ಲಿ ಸಾಲಾಗಿ ನೇತಾಡುವ ಪುಟ್ಟ ಹಸಿರು ಕಾಯಿ. ಉಳಿದ ದಿನಗಳಲ್ಲಿ ಅದು ಕಳೆ. ಮನೆಯಲ್ಲಿ ಯಾರದಾದರೂ ಕಣ್ಣು ಹಳದಿಯಾದ ದಿನ ಅದೇ ಗಿಡ ಒರಳಿಗೆ ಬೀಳುತ್ತದೆ. ಅರೆದು ಉಂಡೆ ಮಾಡಿ ಮಜ್ಜಿಗೆಗೋ ಮೇಕೆ ಹಾಲಿಗೋ ಕದಡಿ, ಬೆಳಗಿನ ಖಾಲಿ ಹೊಟ್ಟೆಗೆ ಕೊಡುವುದು ರೂಢಿ.

ಈ ಸೊಪ್ಪಿನ ಸುತ್ತ ಆಡುವ ಮಾತುಗಳಲ್ಲಿ ಕೆಲವು ನಿಜ, ಕೆಲವು ಅರ್ಧ ನಿಜ, ಇನ್ನು ಕೆಲವು ಜೀವಕ್ಕೇ ಎರವಾಗುವಂಥವು. ಒಂದೊಂದನ್ನೇ ಬಿಡಿಸಿ ನೋಡೋಣ.

ತಪ್ಪು ಕಲ್ಪನೆ 1: ಕಾಮಾಲೆ ಒಂದು ಕಾಯಿಲೆ, ಅದಕ್ಕೆ ನೆಲನೆಲ್ಲಿಯೇ ಮದ್ದು.

ವಾಸ್ತವ: ಕಾಮಾಲೆ ಎಂಬುದು ಹಲವು ಕಾಯಿಲೆಗಳು ಹೊರಗೆ ತೋರಿಸುವ ಒಂದೇ ಗುರುತು. ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಉಳಿಯುತ್ತದೆ. ಅದನ್ನು ಸೋಸಿ ಪಿತ್ತದ ಜೊತೆ ಕರುಳಿಗೆ ಕಳಿಸುವುದು ಲಿವರಿನ ಕೆಲಸ. ಈ ದಾರಿ ಮೂರು ಕಡೆ ಕೆಡಬಹುದು. ರಕ್ತಕಣಗಳೇ ಅತಿಯಾಗಿ ಒಡೆಯಬಹುದು. ವೈರಸ್, ಹೆಂಡ, ಕ್ಷಯದ ಮಾತ್ರೆ ಅಥವಾ ಇಲಿ ಜ್ವರದಿಂದ ಲಿವರು ಸೋಲಬಹುದು. ಇಲ್ಲವೇ ಪಿತ್ತದ ನಾಳದಲ್ಲಿ ಕಲ್ಲೋ ಗೆಡ್ಡೆಯೋ ಅಡ್ಡ ನಿಲ್ಲಬಹುದು. ಮೂರರಲ್ಲೂ ಕಣ್ಣು ಹಳದಿಯೇ.

ಚಿಕಿತ್ಸೆ ಮಾತ್ರ ಬೇರೆ ಬೇರೆ. ಇಲಿಯ ಮೂತ್ರ ಸೇರಿದ ಕೆಸರಿನಲ್ಲಿ ಬರಿಗಾಲಲ್ಲಿ ಕೆಲಸ ಮಾಡಿದವರಿಗೆ ಇಲಿ ಜ್ವರ ಬಂದಿದ್ದರೆ ಬೇಕಾದದ್ದು ಆ್ಯಂಟಿಬಯಾಟಿಕ್, ಅದೂ ಬೇಗ. ನಾಳಕ್ಕೆ ಕಲ್ಲು ಸಿಕ್ಕಿದ್ದರೆ ಮಲ ಬೆಳ್ಳಗಾಗುತ್ತದೆ, ಮೈಯೆಲ್ಲ ತುರಿಕೆ ಏಳುತ್ತದೆ, ಆ ಕಲ್ಲನ್ನು ತೆಗೆಯಲೇಬೇಕು. ಯಾವ ದಾರಿ ಕೆಟ್ಟಿದೆ ಎಂದು ತಿಳಿಯದೆ ಎಲ್ಲ ಹಳದಿ ಕಣ್ಣಿಗೂ ಒಂದೇ ಸೊಪ್ಪು ಅರೆದರೆ ಅದು ಕುರುಡು ಏಟು.

ತಪ್ಪು ಕಲ್ಪನೆ 2: ಈ ಸೊಪ್ಪು ಕುಡಿದು ವಾಸಿಯಾದವರು ಕೇರಿಗೊಬ್ಬರಿದ್ದಾರೆ. ಇದಕ್ಕಿಂತ ಸಾಕ್ಷಿ ಬೇಕೆ?

ವಾಸ್ತವ: ಅವರು ವಾಸಿಯಾದದ್ದು ಖಂಡಿತ ನಿಜ. ಅದರ ಹೆಸರು ಯಾರಿಗೆ ಸಲ್ಲಬೇಕು ಎಂಬುದಷ್ಟೇ ಪ್ರಶ್ನೆ. ಮಳೆಗಾಲದಲ್ಲಿ ಊರಿಗೆ ಊರೇ ಹಬ್ಬುವ ಕಾಮಾಲೆ ಸಾಮಾನ್ಯವಾಗಿ ಹೆಪಟೈಟಿಸ್ ಎ ಅಥವಾ ಇ ವೈರಸ್ಸಿನದು. ಚರಂಡಿ ನೀರು ಕುಡಿಯುವ ನೀರಿಗೆ ಸೇರಿದಾಗ ಬರುತ್ತದೆ. ಆರೋಗ್ಯವಂತರಲ್ಲಿ ಈ ಎರಡೂ ಕೆಲವು ವಾರಗಳಲ್ಲಿ ತಾವಾಗಿ ಇಳಿಯುತ್ತವೆ. ದೇಹ ವೈರಸ್ಸನ್ನು ಹೊರಹಾಕುತ್ತದೆ, ಲಿವರು ತನ್ನ ಹಾಳಾದ ಭಾಗವನ್ನು ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ. ದೇಹದ ಒಳ ಅಂಗಗಳಲ್ಲಿ ಈ ಮಟ್ಟಿಗೆ ಮರುಬೆಳೆಯುವ ಶಕ್ತಿ ಇನ್ನೊಂದಕ್ಕಿಲ್ಲ.

1955ರ ಕೊನೆಯಲ್ಲಿ ದೆಹಲಿಯಲ್ಲಿ ಯಮುನೆಯ ಕುಡಿಯುವ ನೀರಿಗೆ ಕೊಳಚೆ ಸೇರಿ, 29,000ಕ್ಕೂ ಹೆಚ್ಚು ಜನರಿಗೆ ಕಾಮಾಲೆ ಬಂತು. ಆಗ ತೆಗೆದಿಟ್ಟಿದ್ದ ರಕ್ತದ ಮಾದರಿಗಳನ್ನು ಎಷ್ಟೋ ವರ್ಷದ ನಂತರ ಪರೀಕ್ಷಿಸಿದಾಗ ಅದು ಹೆಪಟೈಟಿಸ್ ಇ ಎಂದು ತಿಳಿಯಿತು. ಆ ಸಾವಿರಾರು ಜನರಲ್ಲಿ ಬಹುಪಾಲು ಮಂದಿ ಚೇತರಿಸಿಕೊಂಡರು. ಸಾವು ಹೆಚ್ಚಾಗಿ ಕಂಡದ್ದು ಗರ್ಭಿಣಿಯರಲ್ಲಿ.

ಇನ್ನೂ ಒಂದು ಸೂಕ್ಷ್ಮವಿದೆ. ಈ ಕಾಯಿಲೆಯಲ್ಲಿ ಜ್ವರ, ವಾಕರಿಕೆ, ಸುಸ್ತು ಮೊದಲು ಬರುತ್ತವೆ. ಕಣ್ಣು ಹಳದಿಯಾಗುವ ಹೊತ್ತಿಗೆ ಅವು ಇಳಿಮುಖವಾಗಿರುತ್ತವೆ. ನಾವು ಸೊಪ್ಪು ಅರೆಯಲು ಶುರು ಮಾಡುವುದು ಕಣ್ಣು ಹಳದಿಯಾದ ಮೇಲೆ. ಮೋಡ ಕಟ್ಟಿದ ಮೇಲೆ ಕಪ್ಪೆ ಮದುವೆ ಮಾಡಿದವರಿಗೆ ಮಳೆ ತರಿಸಿದ ಹೆಸರು ಬಂದ ಹಾಗೆ, ಇಳಿಯುತ್ತಿದ್ದ ಕಾಯಿಲೆಯನ್ನು ಇಳಿಸಿದ ಕೀರ್ತಿ ಸೊಪ್ಪಿಗೆ ಬರುತ್ತದೆ. ವಾಸಿಯಾಗದೆ ಹೋದವರ ಲೆಕ್ಕ ಮಾತ್ರ ಯಾರೂ ಇಡುವುದಿಲ್ಲ. ಅವರ ವಿಷಯದಲ್ಲಿ ‘ಪಥ್ಯ ಕೆಡಿಸಿದ’, ‘ಮದ್ದು ತಡವಾಯ್ತು’ ಎಂಬ ಮಾತು ಮೊದಲೇ ಸಿದ್ಧವಿರುತ್ತದೆ.

ತಪ್ಪು ಕಲ್ಪನೆ 3: ಅಮೆರಿಕದವರೇ ಇದಕ್ಕೆ ಪೇಟೆಂಟ್ ತೆಗೆದುಕೊಂಡಿದ್ದಾರೆ. ವಿಜ್ಞಾನ ಒಪ್ಪಿಯಾಯಿತು.

ವಾಸ್ತವ: ಮಾತಿನ ಮೊದಲರ್ಧ ನಿಜ. ಹೆಪಟೈಟಿಸ್ ಬಿ ವೈರಸ್ಸನ್ನು ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್ ಅವರ ತಂಡ ನೆಲನೆಲ್ಲಿಯ ಬೆನ್ನು ಹತ್ತಿತ್ತು. 1987ರಲ್ಲಿ ಅವರಿಗೆ ಅಮೆರಿಕದ ಪೇಟೆಂಟ್ ಸಿಕ್ಕಿತು. ಮರುವರ್ಷ ಮದ್ರಾಸಿನ ಎಸ್.ಪಿ. ತ್ಯಾಗರಾಜನ್ ಮತ್ತು ಬ್ಲಂಬರ್ಗ್ ಸೇರಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ವರದಿ ಪ್ರಕಟಿಸಿದರು. ಹೆಪಟೈಟಿಸ್ ಬಿ ವೈರಸ್ಸನ್ನು ಮೈಯಲ್ಲಿ ಹೊತ್ತಿದ್ದವರಿಗೆ ದಿನಕ್ಕೆ ಮೂರು ಸಲ 200 ಮಿಲಿಗ್ರಾಂ ನೆಲನೆಲ್ಲಿ ಪುಡಿಯನ್ನು 30 ದಿನ ಕೊಟ್ಟಿದ್ದರು. 37 ಜನರಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಗಿತ್ತು. ಹುಸಿ ಮಾತ್ರೆ ತಿಂದ 23 ಜನರಲ್ಲಿ ಹಾಗಾದದ್ದು ಒಬ್ಬರಿಗೆ ಮಾತ್ರ. ಸುದ್ದಿ ಜಗತ್ತನ್ನೆಲ್ಲ ಸುತ್ತಿತು.

ಸುತ್ತದೆ ಉಳಿದದ್ದು ಕತೆಯ ಉತ್ತರಾರ್ಧ. ಬೇರೆ ದೇಶಗಳಲ್ಲಿ ಇದೇ ಪ್ರಯೋಗ ನಡೆದಾಗ ಆ ಫಲ ಸಿಗಲಿಲ್ಲ. 1990ರಲ್ಲಿ ಥಾಯ್ಲೆಂಡಿನ ವೈದ್ಯರು ಅದೇ ‘ಲ್ಯಾನ್ಸೆಟ್’ನಲ್ಲಿ ತಮ್ಮ ರೋಗಿಗಳಲ್ಲಿ ವೈರಸ್ ಹೋಗಲಿಲ್ಲ ಎಂದು ಬರೆದರು. 2011ರಲ್ಲಿ ಕಾಕ್ರೇನ್ ಸಂಸ್ಥೆ 16 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿ, ನೆಲನೆಲ್ಲಿ ಜಾತಿಯ ಗಿಡಗಳು ದೀರ್ಘಕಾಲದ ಹೆಪಟೈಟಿಸ್ ಬಿಗೆ ನೆರವಾಗುತ್ತವೆ ಎನ್ನಲು ನಂಬುವಂಥ ಆಧಾರವಿಲ್ಲ ಎಂದಿತು. ಪೇಟೆಂಟ್ ಎಂದರೆ ಒಂದು ಉಪಾಯ ಹೊಸದು ಎಂಬ ಮುದ್ರೆ. ಮದ್ದು ಕೆಲಸ ಮಾಡುತ್ತದೆ ಎಂಬ ಪ್ರಮಾಣಪತ್ರ ಅದಲ್ಲ.

ಹೆಪಟೈಟಿಸ್ ಬಿ ವಿಷಯದಲ್ಲಿ ಈ ವ್ಯತ್ಯಾಸ ಮುಖ್ಯ. ದೊಡ್ಡವರಾದ ಮೇಲೆ ಈ ವೈರಸ್ ತಗಲಿದರೆ 100ರಲ್ಲಿ ಸುಮಾರು 95 ಮಂದಿ ತಾವಾಗಿ ಗೆಲ್ಲುತ್ತಾರೆ. ಹುಟ್ಟುವಾಗ ತಾಯಿಯಿಂದ ತಗಲಿದವರಲ್ಲಿ ಹೆಚ್ಚಿನವರಿಗೆ ಅದು ಜೀವನಪೂರ್ತಿ ಉಳಿದು, ಕಣ್ಣು ಹಳದಿಯಾಗದೆಯೇ ಲಿವರನ್ನು ಒಳಗಿಂದ ಒಣಗಿಸುತ್ತದೆ, ಕೆಲವರಲ್ಲಿ ಕ್ಯಾನ್ಸರಿಗೂ ದಾರಿಯಾಗುತ್ತದೆ. ಇದನ್ನು ತಡೆಯಲು ಲಸಿಕೆ ಇದೆ, ಹತೋಟಿಯಲ್ಲಿಡಲು ಮಾತ್ರೆ ಇದೆ. ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಬಿ ಮತ್ತು ಸಿ ಎರಡಕ್ಕೂ ಪರೀಕ್ಷೆ, ಔಷಧಿ ಉಚಿತ. ಈ ಕಾರ್ಯಕ್ರಮ ಶುರುವಾದದ್ದು 2018ರ ಜುಲೈ 28ರಂದು. ಅದು ವಿಶ್ವ ಹೆಪಟೈಟಿಸ್ ದಿನ, ಬ್ಲಂಬರ್ಗ್ ಹುಟ್ಟಿದ ದಿನವೂ ಹೌದು. ನೆಲನೆಲ್ಲಿಯನ್ನು ಅಷ್ಟು ಆಸೆಯಿಂದ ಪರೀಕ್ಷಿಸಿದ ಆ ವಿಜ್ಞಾನಿಯ ದೊಡ್ಡ ಕೊಡುಗೆ ಕೊನೆಗೆ ವೈರಸ್ಸಿನ ಪತ್ತೆ ಮತ್ತು ಲಸಿಕೆಯೇ ಆಯಿತು.

ತಪ್ಪು ಕಲ್ಪನೆ 4: ಹಾಗಾದರೆ ಇದೆಲ್ಲ ಬೊಗಳೆ, ನೆಲನೆಲ್ಲಿ ಬರೀ ಕಳೆ.

ವಾಸ್ತವ: ಹೀಗೆ ತಳ್ಳಿಹಾಕುವುದೂ ಅವಸರವೇ. ನೆಲನೆಲ್ಲಿಯ ಎಲೆಯಲ್ಲಿ ಫಿಲಾಂಥಿನ್, ಹೈಪೊಫಿಲಾಂಥಿನ್ ಎಂಬ ಅಂಶಗಳಿವೆ. ವಿಷ ಕೊಟ್ಟ ಇಲಿಗಳ ಲಿವರನ್ನು ಇವು ಒಂದು ಮಟ್ಟಿಗೆ ಕಾಪಾಡಿದ್ದು ಪ್ರಯೋಗಾಲಯಗಳಲ್ಲಿ ಕಂಡಿದೆ. ಇದರ ಹತ್ತಿರದ ನಂಟಿನ ಗಿಡವನ್ನು ಬ್ರೆಜಿಲ್‌ನಲ್ಲಿ ಮೂತ್ರದ ಕಲ್ಲಿಗೆ ಮನೆಮದ್ದಾಗಿ ಬಳಸುತ್ತಾರೆ, ಅದರ ಮೇಲೂ ಅಧ್ಯಯನಗಳು ನಡೆದಿವೆ. ಇಲಿಯಲ್ಲಿ ಕಂಡದ್ದು ಮನುಷ್ಯರಲ್ಲೂ ಗಟ್ಟಿಯಾಗಿ ಕಾಣಬೇಕು, ಆ ಹೆಜ್ಜೆ ಬಾಕಿ ಇದೆ. ಅಲ್ಲಿಯವರೆಗೆ ‘ಗುಣವಿರಬಹುದಾದ ಸೊಪ್ಪು’ ಎಂಬ ಜಾಗದಲ್ಲಿ ಅದನ್ನು ಇಡುವುದು ನ್ಯಾಯ.

ನಮ್ಮ ಸೀಮೆಯ ಹೆಂಗಸರು ಕೊಮ್ಮೆ, ಹೊನಗೊನ್ನೆ, ಗಣಿಕೆ, ಅಣ್ಣೆ ಎಂದು ಹೊಲದ ಬೆರಕೆ ಸೊಪ್ಪು ಆಯ್ದು ಸಾರು ಮಾಡುವ ಜಾಣ್ಮೆ ದೊಡ್ಡದು. ಹಾಗೆ ಊಟದ ನಡುವೆ ಸ್ವಲ್ಪ ಸೊಪ್ಪು ಸೇರುವುದಕ್ಕೂ, ಕಾಯಿಲೆ ಬಿದ್ದವರಿಗೆ ಮುಷ್ಟಿಗಟ್ಟಲೆ ಅರೆದು ಕುಡಿಸುವುದಕ್ಕೂ ಬಹಳ ಅಂತರವಿದೆ.

ತಪ್ಪು ಕಲ್ಪನೆ 5: ನೆಲನೆಲ್ಲಿಯನ್ನು ಗುರುತಿಸುವುದೇನು ಮಹಾ? ಎಲೆಯಡಿ ಕಾಯಿ ಇದ್ದರೆ ಆಯಿತು.

ವಾಸ್ತವ: ಎಲೆಯಡಿ ಕಾಯಿ ಬಿಡುವ ಅಣ್ಣತಮ್ಮಂದಿರು ಹಲವರಿದ್ದಾರೆ. ಬೆಂಗಳೂರಿನ ಸಂಶೋಧಕರು ದಕ್ಷಿಣ ಭಾರತದ 25 ಗ್ರಂಥಿಗೆ ಅಂಗಡಿಗಳಿಂದ ಒಣ ನೆಲನೆಲ್ಲಿ ತಂದು ಪರೀಕ್ಷಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಶೇಕಡಾ 76 ಮಾದರಿಗಳಲ್ಲಿ ಇದ್ದದ್ದು ಮುಖ್ಯವಾಗಿ ನಿಜವಾದ ನೆಲನೆಲ್ಲಿ, ಅಂದರೆ ಫಿಲಾಂಥಸ್ ಅಮಾರಸ್. ಉಳಿದವುಗಳಲ್ಲಿ ಅದೇ ಕುಲದ ಬೇರೆ ಐದು ಜಾತಿಗಳು ಸೇರಿಕೊಂಡಿದ್ದವು. ವ್ಯಾಪಾರಕ್ಕೆಂದು ಕಿತ್ತು ತರುವವರ ಕಣ್ಣೇ ತಪ್ಪುತ್ತದೆ ಎಂದ ಮೇಲೆ ನಮ್ಮದೇನು?

ತೋಟದಲ್ಲಿ ನೋಡಬೇಕಾದದ್ದು ಇಷ್ಟು. ನಿಜವಾದ ನೆಲನೆಲ್ಲಿಯ ನಡುಕಾಂಡದ ಮೇಲೆ ನೇರವಾಗಿ ಎಲೆ ಇರುವುದಿಲ್ಲ, ಪಕ್ಕದ ಸಣ್ಣ ಕಡ್ಡಿಗಳಲ್ಲಿ ಮಾತ್ರ ಎರಡು ಸಾಲಾಗಿರುತ್ತದೆ. ಕಾಯಿ ನುಣುಪಾಗಿ, ಚಿಕ್ಕ ತೊಟ್ಟಿನಿಂದ ನೇತಾಡುತ್ತದೆ. ಕಾಂಡ ಕೆಂಪಗಿದ್ದು, ಕಾಯಿ ತೊಟ್ಟಿಲ್ಲದೆ ಅಂಟಿಕೊಂಡು ಒರಟಾಗಿದ್ದರೆ ಅದು ಕೆಂಪು ನೆಲನೆಲ್ಲಿ. ಎಲ್ಲ ಕಾಂಡಗಳ ಮೇಲೂ ಸುತ್ತ ಎಲೆ ಇದ್ದರೆ ಅದು ಒಣಭೂಮಿಯ ಇನ್ನೊಂದು ಜಾತಿ. ಕಾಂಡ ಮುರಿದಾಗ ಬಿಳಿ ಹಾಲು ಒಸರಿದರೆ ಅದು ನೆಲನೆಲ್ಲಿಯ ಕುಲವೇ ಅಲ್ಲ, ಹಾಗೇ ಬಿಡಿ. ಅನುಮಾನ ಬಂದರೆ ಗಿಡವನ್ನು ಬೇರು, ಕಾಯಿ ಸಮೇತ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲೋ, ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟ್ರಿಗೋ ತೋರಿಸಬಹುದು.

‘ಇದು ಋಷಿಮುನಿಗಳ ಕಾಲದಿಂದ ನಮ್ಮ ನೆಲದ ಗಿಡ’ ಎಂಬ ಮಾತಿಗೂ ಇಲ್ಲೇ ಉತ್ತರವಿದೆ. ಆಯುರ್ವೇದದ ಹಳೆಯ ಗ್ರಂಥಗಳಲ್ಲಿ ತಾಮಲಕೀ, ಭೂಮ್ಯಾಮಲಕಿ ಎಂಬ ಹೆಸರು ಬರುವುದು ನಿಜ. ಆದರೆ ಇಂದು ನಮ್ಮ ತೋಟದಲ್ಲಿ ತುಂಬಿರುವ ಈ ಜಾತಿಯ ಮೂಲ ಅಮೆರಿಕ ಖಂಡದ ಉಷ್ಣವಲಯ ಎಂಬುದು ಸಸ್ಯವಿಜ್ಞಾನಿಗಳ ಅಭಿಪ್ರಾಯ. ಹಳಬರು ಬಳಸಿದ ಗಿಡ ಇದರ ಸೋದರ ಜಾತಿಯೇ ಇದ್ದೀತು. ಮೆಣಸಿನಕಾಯಿ, ಆಲೂಗಡ್ಡೆಯೂ ಅಲ್ಲಿಂದಲೇ ಬಂದವು, ಅದರಿಂದ ಅವಮಾನವೇನಿಲ್ಲ.

ತಪ್ಪು ಕಲ್ಪನೆ 6: ನಮ್ಮದೇ ತೋಟದ ಸೊಪ್ಪು. ಅದರಲ್ಲಿ ವಿಷ ಎಲ್ಲಿಂದ ಬರಬೇಕು?

ವಾಸ್ತವ: ತೆಂಗಿನ ತೋಟದ ನೆಲ ಮೊದಲಿನಂತಿಲ್ಲ. ಉಳುಮೆ ಕೂಲಿ ಏರಿದಂತೆ ಕಳೆನಾಶಕದ ಕ್ಯಾನು ಹೆಗಲೇರಿದೆ. ಗ್ಲೈಫೊಸೇಟ್ ಬಿದ್ದ ಗಿಡ ಆ ದಿನವೇ ಒಣಗುವುದಿಲ್ಲ, ಹಲವು ದಿನ ಹಸಿರಾಗಿಯೇ ನಿಂತಿರುತ್ತದೆ. ಅಷ್ಟರಲ್ಲಿ ಕಿತ್ತು ಅರೆದರೆ ಕಳೆನಾಶಕವೂ ಹೊಟ್ಟೆಗೆ ಹೋಗುತ್ತದೆ. ಕಪ್ಪುತಲೆ ಹುಳು, ನುಸಿ ಬಾಧೆಗೆ ಹಿಂದೆ ತೆಂಗಿನ ಬೇರಿಗೆ ಮಾನೊಕ್ರೊಟೊಫಾಸ್ ಕಟ್ಟುತ್ತಿದ್ದವರು 45 ದಿನ ಕಾಯಿ ಕೀಳಬಾರದು ಎಂಬ ಲೆಕ್ಕವನ್ನು ಬಲ್ಲರು. ಅದೇ ಬುಡದಲ್ಲಿ ಎದ್ದ ಸೊಪ್ಪಿಗೆ ಅಂಥ ಲೆಕ್ಕವನ್ನು ಯಾರೂ ಹಾಕುತ್ತಿರಲಿಲ್ಲ.

ಚಿಕ್ಕನಾಯಕನಹಳ್ಳಿಯ ಕಡೆ ಇನ್ನೊಂದು ಚಿಂತೆ. ಅಲ್ಲಿನ ಬೆಟ್ಟಸಾಲು ಕಬ್ಬಿಣ, ಮ್ಯಾಂಗನೀಸ್ ಅದಿರಿನದು. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತುಮಕೂರು, ಚಿತ್ರದುರ್ಗ ಜಿಲ್ಲೆಗಳಲ್ಲೂ ಗಣಿಗಾರಿಕೆ ನಿಲ್ಲಿಸಿದ್ದು ನೆನಪಿರಬಹುದು. ಅದಿರು ಲಾರಿ ಓಡಾಡುವ ದಾರಿಯ ಬದಿ, ಹಳೆಯ ಗಣಿಯಿಂದ ನೀರು ಹರಿದು ಬರುವ ಹಳ್ಳದ ದಂಡೆ, ಊರ ಚರಂಡಿಯ ಪಕ್ಕ, ಈ ಜಾಗಗಳ ಸೊಪ್ಪು ಬೇಡ. ಔಷಧಿ ಹೊಡೆಯದ, ದನ ಕಟ್ಟದ, ರಸ್ತೆಯಿಂದ ದೂರದ ತೋಟದ್ದನ್ನು ಆಯ್ದು, ಮಣ್ಣು ಹೋಗುವವರೆಗೆ ಮೂರು ನಾಲ್ಕು ನೀರಿನಲ್ಲಿ ತೊಳೆಯಬೇಕು. ಫಿಲಾಂಥಿನ್ ಹೆಚ್ಚಾಗಿರುವುದು ಎಲೆಯಲ್ಲಿ. ಬೇರು ಸಮೇತ ಅರೆದರೆ ಜೊತೆಗೆ ಮಣ್ಣೂ ಬರುತ್ತದೆ. ಮಲದ ಸೋಂಕಿನಿಂದ ಬಂದ ಕಾಮಾಲೆಗೆ ತೊಳೆಯದ ಹಸಿ ಸೊಪ್ಪು ಕುಡಿಸುವುದು ಯಾವ ನ್ಯಾಯ?

ತಪ್ಪು ಕಲ್ಪನೆ 7: ಸೊಪ್ಪುಸದೆಗೆ ಅಡ್ಡಪರಿಣಾಮವಿಲ್ಲ. ಗುಣವಾಗದಿದ್ದರೂ ಕೆಡುಕಂತೂ ಇಲ್ಲ.

ವಾಸ್ತವ: ಕೆಲಸ ಮಾಡುವ ಶಕ್ತಿ ಇರುವ ಯಾವ ವಸ್ತುವಿಗೂ ಕೆಡಿಸುವ ಶಕ್ತಿಯೂ ಇರುತ್ತದೆ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯ ಕಷಾಯ ಮನೆಮನೆಯಲ್ಲಿ ಕುದಿಯಿತು. 2021ರಲ್ಲಿ ಮುಂಬೈನ ವೈದ್ಯರು ಅದನ್ನು ಸೇವಿಸಿದ 6 ಜನರ ಲಿವರಿಗೆ ಪೆಟ್ಟಾದದ್ದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಅವರು ಸೇವಿಸಿದ ಬಳ್ಳಿ ಯಾವುದೆಂದು ಸರಿಯಾಗಿ ಗುರುತಿಸಿಲ್ಲ ಎಂದಿತು. ಯಾರ ವಾದ ಹಿಡಿದರೂ ರೋಗಿಗೆ ಸಿಗುವ ಪಾಠ ಒಂದೇ: ಬಳ್ಳಿ ಕೆಡಿಸಿತೋ, ಬಳ್ಳಿ ಗುರುತಿಸಿದ ಕಣ್ಣು ಕೆಡಿಸಿತೋ, ಪೆಟ್ಟು ಬಿದ್ದದ್ದು ಲಿವರಿಗೆ. ನಮ್ಮ ಕಡೆ ಹಾವು ಚೇಳಿನ ಮದ್ದೆಂದು ಹೆಸರಾದ ಈಶ್ವರಿ ಬಳ್ಳಿಯಲ್ಲಿ ಅರಿಸ್ಟೊಲೊಕಿಕ್ ಆಮ್ಲವಿದೆ. ಈ ಆಮ್ಲವಿರುವ ಗಿಡಗಳು ಮೂತ್ರಪಿಂಡ ಕೆಡಿಸುತ್ತವೆ, ಕ್ಯಾನ್ಸರ್ ತರುತ್ತವೆ ಎಂಬುದು ಜಗತ್ತಿನಾದ್ಯಂತ ಸಾಬೀತಾಗಿದೆ.

ನೆಲನೆಲ್ಲಿ ಅಷ್ಟು ಉಗ್ರವಲ್ಲ. ಆದರೆ ಅದು ಮೂತ್ರ ಹೆಚ್ಚಿಸುತ್ತದೆ, ರಕ್ತದ ಸಕ್ಕರೆ ಮತ್ತು ಒತ್ತಡವನ್ನು ಸ್ವಲ್ಪ ಇಳಿಸಬಲ್ಲದು. ಸಕ್ಕರೆ ಕಾಯಿಲೆ, ಬಿ.ಪಿ. ಮಾತ್ರೆ ನುಂಗುವವರು ಅದರ ಮೇಲೆ ಇದನ್ನೂ ಕುಡಿದರೆ ಲೆಕ್ಕ ತಪ್ಪಬಹುದು. ಕಾಮಾಲೆಯಲ್ಲಿ ಊಟ ಸೇರದೆ ಮೊದಲೇ ಸಕ್ಕರೆ ಇಳಿದಿರುವವರಿಗಂತೂ ಇನ್ನೂ ಅಪಾಯ.

ತಪ್ಪು ಕಲ್ಪನೆ 8: ಮದ್ದಿನ ಹೆಸರು ಹೇಳಿದರೆ ಅದರ ಶಕ್ತಿ ಹೋಗುತ್ತದೆ.

ವಾಸ್ತವ: ಹೋಗುವುದು ರೋಗಿಯ ರಕ್ಷಣೆ. ಗುಟ್ಟಿನ ಮದ್ದು ಕುಡಿದು ಸ್ಥಿತಿ ಕೆಟ್ಟು ಆಸ್ಪತ್ರೆ ಸೇರಿದವರಿಗೆ ‘ಏನು ಕೊಟ್ಟಿದ್ದಿರಿ?’ ಎಂದು ಕೇಳಿದರೆ ಮನೆಯವರಿಗೆ ಉತ್ತರ ಗೊತ್ತಿರುವುದಿಲ್ಲ. ಸೊಪ್ಪಿನ ಜೊತೆ ಭಸ್ಮ ಸೇರಿತ್ತೇ, ಇಂಗ್ಲಿಷ್ ಮಾತ್ರೆಯ ಪುಡಿ ಬೆರೆತಿತ್ತೇ ಎಂಬುದೂ ತಿಳಿಯದು. ನಾಟಿ ವೈದ್ಯರು ಎಷ್ಟೇ ಹಿರಿಯರಿರಲಿ, ‘ಅಯ್ಯ, ಇದರಲ್ಲಿ ಏನೇನು ಹಾಕಿದ್ದೀರಿ?’ ಎಂದು ಕೇಳುವುದು ಅವಮರ್ಯಾದೆಯಲ್ಲ. ಹೇಳಲೊಪ್ಪದವರ ಮದ್ದು ಕುಡಿಯಬೇಡಿ. ಗುಟ್ಟು ವಿದ್ಯೆಗೂ ಒಳ್ಳೆಯದು ಮಾಡಿಲ್ಲ. ಹೇಳದೆ ಸತ್ತವರ ಜೊತೆ ಎಷ್ಟು ಗಿಡಗಳ ತಿಳಿವಳಿಕೆ ಮಣ್ಣಾಗಿದೆಯೋ.

ತಪ್ಪು ಕಲ್ಪನೆ 9: ಕಾಮಾಲೆಗೆ ಕಟ್ಟುನಿಟ್ಟಿನ ಪಥ್ಯ ಬೇಕು. ಉಪ್ಪು, ಎಣ್ಣೆ, ಅರಿಶಿನ, ಕಾಯಿ ಯಾವುದೂ ಕೂಡದು.

ವಾಸ್ತವ: ಅರಿಶಿನ ತಿಂದು ಕಣ್ಣು ಹಳದಿಯಾಗುವುದಿಲ್ಲ, ಬಿಟ್ಟು ಬೆಳ್ಳಗಾಗುವುದೂ ಇಲ್ಲ. ತನ್ನನ್ನು ತಾನೇ ಕಟ್ಟಿಕೊಳ್ಳುತ್ತಿರುವ ಲಿವರಿಗೆ ಅನ್ನ, ಮುದ್ದೆ, ಬೇಳೆ, ಮೊಸರು, ಹಣ್ಣು ಎಲ್ಲವೂ ಬೇಕು. ವಾರಗಟ್ಟಲೆ ಸಪ್ಪೆ ಗಂಜಿಯಲ್ಲಿ ಇಟ್ಟರೆ ರೋಗಿ ಸೊರಗುತ್ತಾನೆ. ವಾಕರಿಕೆ ಇದ್ದಾಗ ಜಿಡ್ಡು ಸೇರದು, ಆಗ ಕಡಿಮೆ ಮಾಡಿದರಾಯಿತು. ಹಸಿವು ಮರಳಿದಂತೆ ಸಾರಿಗೆ ಕಾಯಿ ಹಾಕಲು ಅಡ್ಡಿಯಿಲ್ಲ, ಎಳನೀರೂ ಸಾಮಾನ್ಯವಾಗಿ ಒಳ್ಳೆಯದೇ. ನಿಜವಾಗಿ ಪಥ್ಯ ಮಾಡಬೇಕಾದದ್ದು ಹೆಂಡಕ್ಕೆ. ಜ್ವರಕ್ಕೆಂದು ಕೇಳದೆ ನುಂಗುವ ಪ್ಯಾರಾಸಿಟಮಾಲ್ ಮತ್ತು ನೋವಿನ ಮಾತ್ರೆಗೂ ಕಡಿವಾಣ ಬೇಕು. ನೀರು ಕುದಿಸಿ ಆರಿಸಿ ಕುಡಿಯುವುದು ಇಡೀ ಮನೆಯ ಪಥ್ಯವಾಗಬೇಕು.

ತಪ್ಪು ಕಲ್ಪನೆ 10: ಎಳೆಗೂಸಿಗೂ ಬಸುರಿಗೂ ಒಂದು ಚಮಚ ಕೊಟ್ಟರೆ ಏನಾಗುತ್ತದೆ?

ವಾಸ್ತವ: ಈ ಇಬ್ಬರಿಗೆ ಒಂದು ಹನಿಯೂ ಬೇಡ. ಹುಟ್ಟಿದ 24 ಗಂಟೆಯೊಳಗೆ ಮಗು ಹಳದಿಯಾದರೆ, ಅಥವಾ ಹಳದಿ ಅಂಗಾಲಿನವರೆಗೆ ಇಳಿದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಬಿಲಿರುಬಿನ್ ಮಿತಿ ಮೀರಿದರೆ ಮಿದುಳಿಗೆ ಏರಿ ಜೀವನಪೂರ್ತಿ ಅಂಗವೈಕಲ್ಯ ಉಳಿಸುತ್ತದೆ. ನೀಲಿ ಬೆಳಕಿನ ಚಿಕಿತ್ಸೆ ಸಮಯಕ್ಕೆ ಸಿಕ್ಕರೆ ಅದನ್ನು ತಪ್ಪಿಸಬಹುದು. ಗರ್ಭಿಣಿಗೆ ಕೊನೆಯ ಮೂರು ತಿಂಗಳಲ್ಲಿ ಹೆಪಟೈಟಿಸ್ ಇ ಬಂದರೆ 100ರಲ್ಲಿ 20ರಿಂದ 25 ಮಂದಿಯವರೆಗೂ ಸಾಯುವ ಅಪಾಯವಿದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಲ್ಲಿ ಒಂದು ದಿನ ಕಾಯುವುದೂ ಹೆಚ್ಚೇ.

ತಪ್ಪು ಕಲ್ಪನೆ 11: ಮೊದಲು ಮೂರು ದಿನ ಸೊಪ್ಪು ನೋಡೋಣ, ಬಗ್ಗದಿದ್ದರೆ ಆಸ್ಪತ್ರೆ ಇದ್ದೇ ಇದೆ.

ವಾಸ್ತವ: ಮೇಲಿನ ಹತ್ತೂ ನಂಬಿಕೆಗಳಿಗಿಂತ ಹೆಚ್ಚು ಹಾನಿ ಮಾಡುವುದು ಈ ಕ್ರಮವೇ. ನೆಲನೆಲ್ಲಿಯಿಂದ ಸತ್ತವರು ಸಿಗುವುದು ಅಪರೂಪ. ನೆಲನೆಲ್ಲಿ ನಂಬಿ ಕಳೆದ ದಿನಗಳಲ್ಲಿ ಇಲಿ ಜ್ವರ ಮೂತ್ರಪಿಂಡಕ್ಕೆ ಇಳಿಯುತ್ತದೆ, ಕಲ್ಲು ಕಟ್ಟಿದ ನಾಳ ಕೀವಾಗುತ್ತದೆ, ಲಿವರಿನ ಸೋಲು ಮಿದುಳಿಗೆ ಏರುತ್ತದೆ.

ಆದ್ದರಿಂದ ಕ್ರಮ ತಿರುಗಲಿ. ಕಣ್ಣು ಹಳದಿ ಕಂಡ ದಿನವೇ ತಾಲ್ಲೂಕು ಆಸ್ಪತ್ರೆಯಲ್ಲಿ ಲಿವರಿನ ರಕ್ತ ಪರೀಕ್ಷೆ ಮಾಡಿಸಿ, ರಕ್ತ ಹೆಪ್ಪುಗಟ್ಟುವ ಪರೀಕ್ಷೆಯನ್ನೂ ಕೇಳಿ. ಕಾಯಿಲೆ ಎ ಅಥವಾ ಇ ಎಂದು ತಿಳಿದು, ಲಿವರಿಗೆ ಅಪಾಯವಿಲ್ಲ ಎಂದು ವೈದ್ಯರು ಹೇಳಿದ ಮೇಲೂ ಸೊಪ್ಪು ಬೇಕೆನಿಸಿದರೆ ಓದಿದ ಆಯುರ್ವೇದ ವೈದ್ಯರ ಅಳತೆಯಲ್ಲಿ, ಆಸ್ಪತ್ರೆಯ ವೈದ್ಯರಿಗೂ ತಿಳಿಸಿ ತೆಗೆದುಕೊಳ್ಳಿ. ರೋಗಿ ತಬ್ಬಿಬ್ಬಾಗಿ ಮಾತಾಡಿದರೆ, ಹಗಲಲ್ಲಿ ಎಬ್ಬಿಸಿದರೂ ಏಳದಿದ್ದರೆ, ವಾಂತಿ ನಿಲ್ಲದಿದ್ದರೆ, ವಸಡಿನಲ್ಲಿ ಅಥವಾ ಮಲದಲ್ಲಿ ರಕ್ತ ಕಂಡರೆ, ಮೂತ್ರ ಕಡಿಮೆಯಾದರೆ, ಚಳಿ ಜ್ವರದ ಜೊತೆ ಬಲಪಕ್ಕೆ ನೋವು ಬಂದರೆ ಒರಳು ಬದಿಗಿಡಿ, 108ಕ್ಕೆ ಫೋನ್ ಮಾಡಿ. ರಕ್ತದ ಚೀಟಿ ಮೊದಲು, ಸೊಪ್ಪಿನ ಮಾತು ಆಮೇಲೆ.